ದೊಡ್ಡವೆಂಕಟಪ್ಪನ ಕಣ್ಣು ಮತ್ತು ನಾನೂರೈವತ್ತು ಮೆಗಾಹರ್ಟ್ಸ್

ಎಲ್ಲಕ್ಕೂ ಕಾರಣ ಮೆಣಸಿನಕಾಳಿನಷ್ಟು ಚಿಕ್ಕದೊಂದು ಪ್ಲಾಸ್ಟಿಕ್ ಟೋಪಿ. ಅದರ ಹೆಸರು ಜಂಪರ್. ಕಂಪ್ಯೂಟರಿನ ಹೊಟ್ಟೆಯೊಳಗೆ, ಹಸಿರು ಬೋರ್ಡಿನ ಮೂಲೆಯಲ್ಲಿ, ಎರಡು ಕಡ್ಡಿಗಳ ತಲೆಗೆ ಅದನ್ನು ಸಿಕ್ಕಿಸಿದರೆ ಪ್ರೊಸೆಸರ್ ಮುನ್ನೂರು ಮೆಗಾಹರ್ಟ್ಸಿನಲ್ಲಿ ಓಡುತ್ತದೆ. ಕಿತ್ತು ಪಕ್ಕದ ಎರಡು ಕಡ್ಡಿಗಳಿಗೆ ಸಿಕ್ಕಿಸಿದರೆ ನಾನೂರೈವತ್ತರಲ್ಲಿ. ೧೯೯೯ರ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ, ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಎದುರಿಗಿರುವ ದರ್ಪಣ ಸ್ಟುಡಿಯೋದಲ್ಲಿ, ಕದಿರೇಶ ಅದನ್ನು ಚಿಮಟದಿಂದ ಕಿತ್ತು ಪಕ್ಕಕ್ಕೆ ಸಿಕ್ಕಿಸಿದ.

ಕದಿರೇಶನಿಗೆ ಇಪ್ಪತ್ತನಾಲ್ಕು ವರ್ಷ. ಆ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಟ್ಟಲು ಅವನೊಬ್ಬನಿಗೇ ಅನುಮತಿ. ಅದನ್ನು ಆರಿಸಿ ತಂದವನೂ ಅವನೇ. ಎರಡು ತಿಂಗಳ ಹಿಂದೆ ಮಾಲೀಕ ಸೀತಾರಾಮ, “ಫೋಟೋ ಕೆಲ್ಸಕ್ಕೆ ಒಳ್ಳೇದೊಂದು ಪೆಂಟಿಯಂ ತಗೊಂಬಾರೋ” ಎಂದು ಅವನನ್ನು ಬೆಂಗಳೂರಿನ ಎಸ್.ಪಿ. ರೋಡಿಗೆ ಕಳಿಸಿದ್ದರು. ಜೊತೆಗೆ ಮುಕುಂದ್ ಹೋಗಿದ್ದ. ಮುಳಬಾಗಲಿನ ಈ ಮುಕುಂದ್ ಸ್ಟುಡಿಯೋದ ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದವನು. ಕೇಳದಿದ್ದರೂ ಹೇಳುತ್ತಿದ್ದವನು.

“ಪೆಂಟಿಯಂ ಯಾಕೋ ಮಗಾ?” ಎಂದಿದ್ದ ಮುಕುಂದ್, ಅಂಗಡಿಯ ಮುಂದೆಯೇ. “ಸೆಲೆರಾನ್ ತಗೋ, ಅಗ್ಗ. ಮುನ್ನೂರು ಅಂತ ಮೇಲೆ ಬರ್ದಿರ್ತಾರೆ ಅಷ್ಟೆ. ಒಂದು ಜಂಪರ್ ಬದಲಾಯ್ಸು, ನಾನೂರೈವತ್ತಕ್ಕೆ ಎದ್ದು ಕೂತ್ಕೊಳುತ್ತೆ. ಉಳಿದ ದುಡ್ಡಲ್ಲಿ ತ್ರೀಡಿ ಕಾರ್ಡ್ ಹಾಕ್ಸು. ಗೇಮು ಹೆಂಗ್ ಹೋಗುತ್ತೆ ನೋಡು ಆಮೇಲೆ!”

ಕದಿರೇಶ ಸೆಲೆರಾನ್ ತಂದ. ತ್ರೀಡಿ ಕಾರ್ಡನ್ನೂ ತಂದ. ಅದು ಫೋಟೋದಲ್ಲಿ ಮೂಗು ಎದ್ದು ಕಾಣಲು ಬೇಕಾದ ಸಾಮಾನು ಎಂದು ಸೀತಾರಾಮರಿಗೆ ಹೇಳಿದ. ಆದರೆ ಜಂಪರ್ ಮುಟ್ಟಲು ಎರಡು ತಿಂಗಳು ಧೈರ್ಯ ಬರಲಿಲ್ಲ. ಹಿಂದಿನ ದಿನ ಗನ್ ಗೇಮಿನಲ್ಲಿ ಕದಿರೇಶನ ಸಿಪಾಯಿ ತಿರುಗುವಷ್ಟರಲ್ಲಿ ಪರದೆ ತೊದಲಿತು, ಸಿಪಾಯಿ ಸತ್ತ. ಅದು ಬರೀ ಸಿಪಾಯಿಯಲ್ಲ. ಕದಿರೇಶ ತನ್ನ ಮುಖವನ್ನೇ ಸ್ಕ್ಯಾನ್ ಮಾಡಿ ಅದಕ್ಕೆ ಅಂಟಿಸಿದ್ದ. ತನ್ನ ಮುಖ ನೆಲಕ್ಕೆ ಬಿದ್ದು ಒದ್ದಾಡುವುದನ್ನು ನೋಡಿ ಮುಕುಂದ್ ನಕ್ಕದ್ದು ಅವನಿಗೆ ಸಹಿಸಲಾಗಲಿಲ್ಲ.

ಜಂಪರ್ ಬದಲಾಯಿಸಿದ ಮೇಲೆ ಯಂತ್ರ ಒಮ್ಮೆ ಕೆಮ್ಮಿತು, ಆಮೇಲೆ ಎದ್ದಿತು. ಪರದೆಯ ಮೇಲೆ ನಾನೂರೈವತ್ತು ಎಂಬ ಅಂಕೆ ಮೂಡಿತು. ಕದಿರೇಶ ಕೈಮುಗಿದ. ಆಟ ಹಾಕಿದ. ಸಿಪಾಯಿ ಮೈಮೇಲೆ ದೇವರು ಬಂದವನ ಹಾಗೆ ಓಡಿದ.

ಅದೇ ಹೊತ್ತಿಗೆ ಸೀತಾರಾಮ ಒಳಗೆ ಬಂದರು. ಕದಿರೇಶ ಆಟ ಮುಚ್ಚಿದ.

“ತಗೋ, ಈಗ ಬಂತು ಕೋಲಾರದ ಲ್ಯಾಬಿಂದ. ಮದುವೆ ಸೀಸನ್ ಅಂತ ಹತ್ತು ದಿನ ಇಟ್ಕೊಂಡ್ರು ಪಾಪಿಗಳು” ಎಂದು ಒಂದು ಕವರನ್ನು ಮೇಜಿನ ಮೇಲೆ ಎಸೆದರು. “ಇವತ್ತೇ ಹನ್ನೊಂದನೇ ದಿನ. ನಾಲ್ಕು ಗಂಟೆಗೆ ಎಡೆ ಇಡ್ತಾರೆ. ಅಷ್ಟೊತ್ತಿಗೆ ಫ್ರೇಮ್ ಹಾಕಿ ಫೋಟೋ ರಾಯಲ್ಪಾಡಲ್ಲಿ ಇರ್ಬೇಕು. ಇಲ್ದಿದ್ರೆ ನಾಳೆಯಿಂದ ನೀನು ಇಲ್ಲಿರಲ್ಲ. ತಮಾಷೆಗೆ ಹೇಳ್ತಿಲ್ಲ ಕಣೋ. ಅವ್ರು ಫೋಟೋ ಇಲ್ಲ ಅಂದ್ರೆ ಸ್ಟುಡಿಯೋ ಗಾಜು ಉಳ್ಸಲ್ಲ.”

ಕವರಿನಲ್ಲಿ ದೊಡ್ಡವೆಂಕಟಪ್ಪ ಇದ್ದ. ರಾಯಲ್ಪಾಡಿನ ಮಾವಿನ ಮಂಡಿಯ ಯಜಮಾನ, ಇಪ್ಪತ್ತೆಕರೆ ತೋಟದವನು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದವನು. ಮಗಳ ಮದುವೆಯಲ್ಲೂ ಕ್ಯಾಮರಾಕ್ಕೆ ಬೆನ್ನು ಹಾಕಿದ್ದ, ವೋಟರ್ ಕಾರ್ಡಿನವರು ಬಂದ ದಿನ ತೋಟಕ್ಕೆ ಓಡಿಹೋಗಿದ್ದ. ಅರವತ್ತೈದು ವರ್ಷ ಹೀಗೆ ತಪ್ಪಿಸಿಕೊಂಡವನನ್ನು ಸತ್ತ ದಿನ ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಟವೆಲಿನಲ್ಲಿ ಕಟ್ಟಿ, ಸೀತಾರಾಮ ಫೋಟೋ ತೆಗೆದಿದ್ದರು. ಮೂಗಿನಲ್ಲಿ ಹತ್ತಿ, ಗಲ್ಲಕ್ಕೆ ಕಟ್ಟಿದ ಬಿಳಿ ಬಟ್ಟೆ, ಮುಚ್ಚಿದ ಕಣ್ಣು.

ಇದು ಕದಿರೇಶನಿಗೆ ದಿನದ ಕೆಲಸ. ತಾಲ್ಲೂಕಿನ ಹಳ್ಳಿಗಳಲ್ಲಿ ಬದುಕಿದ್ದಾಗ ಒಂದು ಫೋಟೋ ಕೂಡ ಇಲ್ಲದೆ ಹೋದವರು ಬೇಕಾದಷ್ಟು ಜನ. ಹೆಣದ ಫೋಟೋ ತಂದು ಕೊಡುತ್ತಾರೆ. ಕದಿರೇಶ ಹತ್ತಿ ತೆಗೆದು, ಬಟ್ಟೆ ಬಿಚ್ಚಿ, ಕೋಟು ತೊಡಿಸಿ, ಕಣ್ಣು ತೆರೆಸುತ್ತಾನೆ. ಕಣ್ಣಿಗೆಂದೇ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಇತ್ತು. ಮದುವೆ ಆಲ್ಬಮ್ಮುಗಳಿಂದ ಕತ್ತರಿಸಿದ ನಲವತ್ತು ಜೊತೆ ಕಣ್ಣು. ಟೇಕಲ್ಲಿನ ಒಬ್ಬ ಮುದುಕ ಈಗಲೂ ಗೋಡೆಯ ಮೇಲಿನಿಂದ, ಯಾರದೋ ಮದುವೆಯಲ್ಲಿ ಜಾಮೂನಿಗೆ ಕಾಯುತ್ತಿದ್ದ ಬೀಗರ ಕಣ್ಣಿನಿಂದ, ಮೊಮ್ಮಕ್ಕಳನ್ನು ನೋಡುತ್ತಿದ್ದಾನೆ.

ಕದಿರೇಶ ಫೋಟೋ ಸ್ಕ್ಯಾನ್ ಮಾಡಿದ. ಹಿಂದೆ ಒಂದು ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಕೆಲಸ ಒಂದು ಗುಟುಕು ಮುಗಿಯುವುದರೊಳಗೆ ಆಯಿತು. ಅವನ ಎದೆ ಉಬ್ಬಿತು.

ಹತ್ತು ಗಂಟೆಗೆ ಜೀಪು ಬಂತು. ಸತ್ತವನ ಅಳಿಯ ಮುನಿರಾಮಪ್ಪ ಇಳಿದ. ದೊಡ್ಡವೆಂಕಟಪ್ಪನಿಗೆ ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು. ಹಾಗಾಗಿ ಕಾರ್ಯವೆಲ್ಲ ಅಳಿಯನದೇ. ಅವನ ಹಿಂದೆಯೇ ಸತ್ತವನ ತಂಗಿ ಚಿಕ್ಕಗಂಗಮ್ಮ ಇಳಿದಳು, ಎಲೆಅಡಿಕೆ ಚೀಲದ ಸಮೇತ.

“ಅತ್ತೆ ಇಲ್ಲೇ ಕೂತಿರ್ಲಿ, ನಾನು ಬಾಳೆಲೆ, ಸಾಮಾನು ತಗೊಂಡು ಬರ್ತೀನಿ” ಎಂದು ಮುನಿರಾಮಪ್ಪ ಹೊರಟುಹೋದ. ಚಿಕ್ಕಗಂಗಮ್ಮ ಸ್ಟೂಲನ್ನು ಎಳೆದುಕೊಂಡು ಕದಿರೇಶನ ಭುಜದ ಪಕ್ಕದಲ್ಲೇ ಕೂತಳು.

“ಇದ್ರಲ್ಲಿ ನಮ್ಮಣ್ಣಂಗೆ ಜೀವ ಬರುತ್ತಾ?”

“ಜೀವ ಬಿಟ್ಟು ಎಲ್ಲಾ ಬರುತ್ತೆ ಅಮ್ಮಾ. ಇದು ಅಂತಿಂಥಾ ಕಂಪ್ಯೂಟರ್ ಅಲ್ಲ. ಸೆಕೆಂಡಿಗೆ ನಲವತ್ತೈದು ಕೋಟಿ ಸಲ ಯೋಚ್ನೆ ಮಾಡುತ್ತೆ. ಮನುಷ್ಯನ ಕಣ್ಣಿಗೆ ಕಾಣ್ದೇ ಇರೋದೆಲ್ಲ ಇದಕ್ಕೆ ಕಾಣುತ್ತೆ.”

“ನಲವತ್ತೈದು ಕೋಟಿನಾ!” ಚಿಕ್ಕಗಂಗಮ್ಮ ಕೆನ್ನೆ ಬಡಿದುಕೊಂಡಳು. “ನಮ್ಮಣ್ಣ ವರ್ಷಕ್ಕೆ ಒಂದ್ಸಲ ಯೋಚ್ನೆ ಮಾಡ್ತಿದ್ದ, ಅದೂ ತಪ್ಪಾಗಿ.”

ಹತ್ತಿ ಹೋಯಿತು. ಗಲ್ಲದ ಬಟ್ಟೆ ಹೋಯಿತು. “ಮೀಸೆ ಇನ್ನೊಸಿ ಮೇಲಕ್ಕೆ ಎತ್ತು” ಎಂದಳು, ಎತ್ತಿದ. “ಅಷ್ಟು ಬೇಡ, ಸಾಯೋ ಮುಂಚೆ ಇಳ್ದೋಗಿತ್ತು” ಎಂದಳು, ಇಳಿಸಿದ. ಕರಿ ಕೋಟು ತೊಡಿಸಿ, ತಲೆಗೆ ಪೇಟ ಇಟ್ಟ. ಇನ್ನು ಕಣ್ಣು. ಕದಿರೇಶ ಕಣ್ಣಿನ ಫೋಲ್ಡರ್ ತೆರೆದ. ಪರದೆಯ ತುಂಬ ನಲವತ್ತು ಜೊತೆ ಕಣ್ಣುಗಳು ಸಾಲಾಗಿ ಅವರಿಬ್ಬರನ್ನೂ ನೋಡಿದವು.

ತಕ್ಷಣ ಪರದೆ ನೀಲಿಯಾಯಿತು.

“ಏನಾಯ್ತು?”

“ಏನಿಲ್ಲಮ್ಮಾ, ಹ್ಯಾಂಗ್ ಆಯ್ತು.”

“ನೀಲಿಗಾಯ್ತಲ್ಲೋ. ನಮ್ಮಣ್ಣನೂ ಹಿಂಗೇ ನೀಲಿಗಾದ. ಡಾಕ್ಟ್ರು ಬರೋದ್ರೊಳಗೆ ಮುಗ್ದೋಗಿತ್ತು” ಎಂದು ಚಿಕ್ಕಗಂಗಮ್ಮ ಸೆರಗನ್ನು ಕಣ್ಣಿಗೆ ಒತ್ತಿದಳು.

ಆಫ್ ಮಾಡಿ ಆನ್ ಮಾಡಿದ. ಹತ್ತು ನಿಮಿಷ ನಡೆಯಿತು, ಮತ್ತೆ ನೀಲಿ. ಮತ್ತೆ ಆನ್ ಮಾಡಿದ, ಈ ಸಲ ಐದು ನಿಮಿಷ. ಕದಿರೇಶ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿ ಒಳಗೆ ಬೆರಳಿಟ್ಟ. ದೋಸೆ ಹೆಂಚಿನ ಹಾಗೆ ಕಾದಿತ್ತು. ಗಿರಾಕಿಗಳ ಮುಖಕ್ಕೆ ಗಾಳಿ ಬೀಸುತ್ತಿದ್ದ ಟೇಬಲ್ ಫ್ಯಾನನ್ನು ತಿರುಗಿಸಿ ಅದರ ಹೊಟ್ಟೆಗೆ ಹಿಡಿದ. ಎರಡು ತಿಂಗಳ ಧೂಳೆಲ್ಲ ಎದ್ದು ಚಿಕ್ಕಗಂಗಮ್ಮನ ಮೇಲೆ ಕೂತಿತು.

ಜಂಪರನ್ನು ಹಿಂದಕ್ಕೆ ಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಮುಕುಂದ್ ಮಹಡಿಯಿಂದ ಇಳಿದು ಬಂದ.

“ನಾನೂರೈವತ್ತಕ್ಕೆ ಏರ್ಸಿದ್ಯೇನ್ಲಾ? ಭೇಷ್! ಹ್ಯಾಂಗ್ ಆಗ್ತಿದೆ ಅಂದ್ರೆ ಅದಕ್ಕೆ ಹಸಿವು ಕಣೋ. ವೋಲ್ಟೇಜ್ ಜಾಸ್ತಿ ಕೊಡು. ಓಡೋ ಕುದುರೆಗೆ ಹುರುಳಿ ಹಾಕ್ಬೇಡ್ವಾ?”

“ಲೇ, ಇವತ್ತು ಬೇಡ ಕಣೋ. ಹನ್ನೊಂದನೇ ದಿನದ ಫೋಟೋ ಇದು.”

“ಅದಕ್ಕೇ ಹೇಳ್ತಿರೋದು. ಸರ್ಕು” ಎಂದು ಮುಕುಂದ್ ಅವನನ್ನು ಪಕ್ಕಕ್ಕೆ ತಳ್ಳಿ, ತಾನೇ ವೋಲ್ಟೇಜ್ ಏರಿಸಿದ.

ಹುರುಳಿ ತಿಂದ ಕುದುರೆ ಎದ್ದು ನಿಲ್ಲಲಿಲ್ಲ, ಒದೆಯಿತು. ಕಂಪ್ಯೂಟರ್ ತಾನೇ ಆರಿ ತಾನೇ ಹತ್ತಿತು, ಮತ್ತೆ ಆರಿತು, ಹತ್ತಿತು. ನಾಲ್ಕನೇ ಸಲ ಕಪ್ಪು ಪರದೆಯ ಮೇಲೆ, ಡಿಸ್ಕಿನಲ್ಲಿ ಏನೇನೋ ಕೆಟ್ಟಿದೆ, ಸರಿಮಾಡುತ್ತಿದ್ದೇನೆ ಎಂದು ಬಿಳಿ ಅಕ್ಷರ ಓಡತೊಡಗಿತು. ಅದು ಒಂದು ಗಂಟೆ ಸರಿಮಾಡಿತು. ಮುಕುಂದ್ ಅರ್ಧ ಗಂಟೆಗೇ, “ನಂಗೆ ಕ್ಲಾಸಿದೆ ಮಗಾ” ಎಂದು ಮಹಡಿ ಹತ್ತಿದ್ದ.

ಎಲ್ಲ ಮುಗಿದಾಗ ದೊಡ್ಡವೆಂಕಟಪ್ಪ ಕೋಟು ಸಮೇತ ಉಳಿದಿದ್ದ. ಕಣ್ಣಿನ ಫೋಲ್ಡರ್ ಇರಲಿಲ್ಲ. ಆಲ್ಬಮ್ಮುಗಳಿದ್ದ ಜಾಗವೂ ಖಾಲಿ. ಯಾವುದಾದರೂ ಹೊಸ ಕಣ್ಣು ಸ್ಕ್ಯಾನ್ ಮಾಡೋಣವೆಂದರೆ ಸ್ಕ್ಯಾನರ್ ನಡೆಸುವ ಸಾಫ್ಟ್‌ವೇರನ್ನೂ ಅದು ನುಂಗಿ ಕೂತಿತ್ತು. ಕದಿರೇಶ ಮಹಡಿಗೆ ಕೂಗಿದ.

“ಮುಕುಂದಾ, ಸ್ಕ್ಯಾನರ್ ಸಿಡಿ ಎಲ್ಲೋ? ನೀನ್ ತಾನೇ ತಗೊಂಡೋಗಿದ್ದು?”

“ಮಾಲೂರಲ್ಲಿ ನಮ್ಮ ಭಾವಂಗೆ ಕೊಟ್ಟಿದೀನಿ! ಭಾನುವಾರ ತಂದ್ಕೊಡ್ತೀನಿ!”

ಮಧ್ಯಾಹ್ನ ಒಂದೂಮುಕ್ಕಾಲು. ಸೀತಾರಾಮ ಊಟ ಮುಗಿಸಿ ಬಂದು ಪರದೆ ನೋಡಿದರು. ಕೋಟು ಹಾಕಿಕೊಂಡು ಕಣ್ಣು ಮುಚ್ಚಿ ಕೂತ ದೊಡ್ಡವೆಂಕಟಪ್ಪನನ್ನು ನೋಡಿದರು. ಬಿಚ್ಚಿದ ಕಂಪ್ಯೂಟರ್, ಅದರ ಹೊಟ್ಟೆಗೆ ಹಿಡಿದ ಫ್ಯಾನ್, ಧೂಳಿನಲ್ಲಿ ಬಿಳಿಚಿಕೊಂಡು ಕೂತ ಚಿಕ್ಕಗಂಗಮ್ಮನನ್ನು ನೋಡಿದರು.

“ಕದಿರೇಶಾ.”

“ಸಾರ್.”

“ನಿಮ್ಮಪ್ಪ ಡಿಪೋ ಗೇಟಲ್ಲಿ ವಾಚ್‌ಮನ್ ತಾನೇ? ಅಲ್ಲೇ ಇನ್ನೊಂದು ಸ್ಟೂಲ್ ಹಾಕ್ಸೋಕೆ ಹೇಳು. ನಾಳೆಯಿಂದ ಬೇಕಾಗುತ್ತೆ.”

ಕದಿರೇಶ ಮೊದಲು ಯಂತ್ರವನ್ನು ಮುನ್ನೂರಕ್ಕೆ ಇಳಿಸೋಣವೆಂದು ಚಿಮಟ ಹಿಡಿದು ಜಂಪರನ್ನು ಎಳೆದ. ಟೋಪಿ ಚಿಮಟದಿಂದ ಜಾರಿತು. ಫ್ಯಾನಿನ ಗಾಳಿ ಅದನ್ನು ಎತ್ತಿಕೊಂಡು ಹೋಯಿತು.

ಮೂವರೂ ನೆಲಕ್ಕೆ ಬಿದ್ದು ಹುಡುಕಿದರು. ಸೀತಾರಾಮ ಫೋಟೋ ತೆಗೆಯುವ ಪರದೆಯ ಹಿಂದೆ, ಕದಿರೇಶ ಮೇಜಿನ ಕೆಳಗೆ. ಚಿಕ್ಕಗಂಗಮ್ಮ ಬಾಗಿ ಬಾಗಿ ಸೋತು, ಮತ್ತೆ ಸ್ಟೂಲಿನ ಮೇಲೆ ಕೂತು, ಬಾಯಿ ಬಿಚ್ಚಿಟ್ಟಿದ್ದ ಚೀಲದಿಂದ ಎಲೆ, ಲವಂಗ ತೆಗೆದು ಸುಣ್ಣ ಬಳಿದು ಮಡಿಸಿ ಬಾಯಿಗಿಟ್ಟಳು. ಒಮ್ಮೆ ಜಗಿದು ಮುಖ ಸಿಂಡರಿಸಿದಳು.

“ಥೂ, ಎಂಥ ಲವಂಗವೋ ಇದು? ಹಲ್ಲಿಗೆ ಕಲ್ಲಿದ್ದಂಗಿದೆ!”

“ಉಗೀಬೇಡಿ ಅಮ್ಮಾ!” ಎಂದು ಕದಿರೇಶ ಎರಡೂ ಕೈ ಚಾಚಿದ.

ತೊಳೆದು, ಒರೆಸಿ, ಮೊದಲಿನ ಜಾಗಕ್ಕೆ ಸಿಕ್ಕಿಸಿದ. ಯಂತ್ರ ಮುನ್ನೂರರಲ್ಲಿ ಹಸುವಿನ ಹಾಗೆ ಶಾಂತವಾಗಿ ಎದ್ದು ನಿಂತಿತು. ಈಗ ಎಲ್ಲವೂ ಇತ್ತು, ಕಣ್ಣೊಂದು ಬಿಟ್ಟು. ಕದಿರೇಶ ಡಿಸ್ಕನ್ನೆಲ್ಲ ಜಾಲಾಡಿದ. ಒಂದೇ ಒಂದು ಮುಖ ಉಳಿದಿತ್ತು. ಆಟದ ಫೋಲ್ಡರಿನಲ್ಲಿ, ಸಿಪಾಯಿಗೆ ಅಂಟಿಸಲೆಂದು ಇಟ್ಟುಕೊಂಡಿದ್ದ ಅವನದೇ ಮುಖ.

ಗಡಿಯಾರ ನೋಡಿದ. ಎರಡೂ ಇಪ್ಪತ್ತು. ತನ್ನ ಕಣ್ಣುಗಳನ್ನು ಕತ್ತರಿಸಿ ದೊಡ್ಡವೆಂಕಟಪ್ಪನ ಮುಖದ ಮೇಲಿಟ್ಟ.

ಸಾಮಾನ್ಯವಾಗಿ ಒಂದು ಜೊತೆ ಕಣ್ಣು ಕೂರಿಸಲು ಒಂದು ಗಂಟೆ ಬೇಕು. ಹಿಗ್ಗಿಸಬೇಕು, ಕುಗ್ಗಿಸಬೇಕು, ವಾಲಿಸಬೇಕು, ಹುಬ್ಬಿಗೆ ಜಗಳವಾಗದಂತೆ ನೋಡಿಕೊಳ್ಳಬೇಕು. ಇವು ಇಟ್ಟ ಕೂಡಲೇ ಕೂತವು. ತನ್ನ ಕೈ ಪಳಗಿದೆ ಎಂದುಕೊಂಡ ಕದಿರೇಶ. ಹುಬ್ಬಿನ ಕೂದಲಿಗೆ ಬಿಳಿ, ಕಣ್ಣ ಸುತ್ತ ಎರಡು ಸುಕ್ಕು, ಅಷ್ಟೇ. ಕಾಗದದ ಮೇಲೆ ದೊಡ್ಡವೆಂಕಟಪ್ಪ ಸಾಲು ಸಾಲಾಗಿ ಇಳಿದು ಬಂದ, ಮೊದಲು ಪೇಟ, ಆಮೇಲೆ ಹಣೆ, ಆಮೇಲೆ ಕಣ್ಣು.

ಚಿಕ್ಕಗಂಗಮ್ಮ ಅದನ್ನು ಕೈಗೆ ತೆಗೆದುಕೊಂಡು ಗಟ್ಟಿಯಾಗಿ ಅತ್ತಳು. “ಅಣ್ಣಯ್ಯಾ! ನೋಡ್ತವ್ನೆ ಕಣ್ರೋ! ಬೈಯಕ್ಕೆ ಬಾಯಿ ತೆಗೀತವ್ನೆ!”

ಪಕ್ಕದ ಅಂಗಡಿಯಲ್ಲಿ ಅದಕ್ಕೆ ಗಾಜು, ಫ್ರೇಮು ಹಾಕಿಸಿದ್ದಾಯಿತು. ಸೀತಾರಾಮ ಮೊದಲ ಬಾರಿಗೆ ಉಸಿರು ಬಿಟ್ಟು, “ನೀನೇ ಹೋಗಿ ಕೈಯಾರೆ ಕೊಟ್ಟು ಬಾ. ಗಾಜು ಒಡೆದ್ರೆ ನೀನೂ ವಾಪಸ್ ಬರ್ಬೇಡ” ಎಂದರು.

ಮುನಿರಾಮಪ್ಪ ವಾಪಸ್ ತಂದ ಜೀಪಿನ ಹಿಂದುಗಡೆ ಬಾಳೆಲೆ ಕಟ್ಟು, ಕುಂಬಳಕಾಯಿ, ಚಿಕ್ಕಗಂಗಮ್ಮ, ಎದುರಿಗೆ ಕದಿರೇಶ. ಫೋಟೋ ಅವಳ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ಅಣ್ಣನ ಮುಖ ಸವರುತ್ತಿದ್ದಳು. ಜೀಪು ಒಂದು ಗುಂಡಿಗೆ ಇಳಿದಾಗ ತಲೆ ಎತ್ತಿದಳು. ಕದಿರೇಶನನ್ನು ನೋಡಿದಳು. ಫೋಟೋ ನೋಡಿದಳು. ಮತ್ತೆ ಕದಿರೇಶನನ್ನು ನೋಡಿದಳು.

“ಎವರಿ ಕೊಡುಕುವಿ ರಾ ನುವ್ವು?” ಎಂದಳು, ಗಡಿ ಹತ್ತಿರವಾದಂತೆ ಮಾತು ತಾನಾಗಿ ತೆಲುಗಿಗೆ ತಿರುಗಿತ್ತು. ಯಾರ ಮಗನೋ ನೀನು?

“ಕದಿರಪ್ಪನ ಮಗ ಅಮ್ಮಾ. ಡಿಪೋ ಕದಿರಪ್ಪ.”

“ಅಮ್ಮನ ಹೆಸ್ರು?”

“ಶಾಮಲಮ್ಮ.”

ಚಿಕ್ಕಗಂಗಮ್ಮ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ರಾಯಲ್ಪಾಡು ಬರುವವರೆಗೂ ಮತ್ತೆ ಜಗಿಯಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಫೋಟೋ ಶಾಮಿಯಾನದ ಕೆಳಗೆ ಕುರ್ಚಿಯ ಮೇಲೆ ಕೂತಿತು. ಕೆಳಗೆ ಎಡೆ ಎಲೆಗಳು, ಪಕ್ಕದಲ್ಲಿ ಶಂಖ ಜಾಗಟೆ ಹಿಡಿದ ದಾಸಯ್ಯ. “ಅಬ್ಬಾ, ಲೇಚಿ ಕೂರ್ಚುನ್ನಟ್ಟುಂದಿ!” ಎಂದು ಜನ ಉದ್ಗರಿಸಿದರು. ಎದ್ದು ಕೂತ ಹಾಗೇ ಇದ್ದಾನೆ ಎಂದು. ಸತ್ತವನ ಹೆಂಡತಿ ಮುತ್ಯಾಲಮ್ಮ ಹೂವಿನ ಹಾರ ಹಾಕಿ, ಆ ಕಣ್ಣುಗಳನ್ನು ನೋಡುತ್ತಲೇ ನಿಂತಳು. ಕದಿರೇಶನ ಕೆಲಸ ಉಳಿಯಿತು. ಅವನು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದ.

“ಆ ಹುಡುಗನ್ನ ಬಿಡಬೇಡಿ!”

ಚಿಕ್ಕಗಂಗಮ್ಮ ಅವನ ತೋಳು ಹಿಡಿದು ಎಳೆದು ತಂದು ಫೋಟೋದ ಪಕ್ಕಕ್ಕೆ ನಿಲ್ಲಿಸಿದಳು. “ಚೂಡಂಡ್ರಾ! ಎಲ್ರೂ ನೋಡಿ! ಈ ಕಣ್ಣು ನೋಡಿ, ಆ ಕಣ್ಣು ನೋಡಿ!”

ಶಾಮಿಯಾನದ ಇನ್ನೂರು ಜನ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸಿದರು.

ಕದಿರೇಶ ನಗಲು ನೋಡಿದ. “ಅಯ್ಯೋ, ಅದು ನಂದೇ ಕಣ್ಣು ಅಮ್ಮಾ!”

“ಕೇಳುದ್ರಾ? ಅವನೇ ಒಪ್ಕೊಂಡ!”

“ಹಂಗಲ್ಲಾ! ನನ್ ಕಣ್ಣನ್ನ ಕತ್ತರಿಸಿ ಅವರಿಗೆ ಇಟ್ಟಿದ್ದು! ಬೇರೆ ಕಣ್ಣು ಇರ್ಲಿಲ್ಲ, ಡಿಸ್ಕ್ ಹೋಗಿತ್ತು. ಅದು ಕಂಪ್ಯೂಟರ್ ಕೆಲ್ಸ!”

“ಅದನ್ನೇ ನಾನೂ ಹೇಳ್ತಿರೋದು” ಎಂದಳು ಚಿಕ್ಕಗಂಗಮ್ಮ, ಜನರ ಕಡೆ ತಿರುಗಿ. “ಬೆಳಿಗ್ಗೆಯಿಂದ ಅದ್ರ ಪಕ್ಕದಲ್ಲೇ ಕೂತು ನೋಡಿದೀನಿ. ಸೆಕೆಂಡಿಗೆ ನಲವತ್ತೈದು ಕೋಟಿ ಸಲ ಯೋಚ್ನೆ ಮಾಡುತ್ತೆ, ಕಣ್ಣಿಗೆ ಕಾಣ್ದೇ ಇರೋದೆಲ್ಲ ಕಾಣುತ್ತೆ ಅಂತ ಇವನೇ ಹೇಳಿದ. ಅದು ಎಷ್ಟೋ ಜನದ ಕಣ್ಣನ್ನ ಪರದೆ ತುಂಬ ಹರಡಿ ನೋಡ್ತು. ಎಲ್ಲಾ ಅಳಿಸಿ ಹಾಕ್ತು. ಕೊನೆಗೆ ಇವನೊಬ್ಬನ್ನ ಇಟ್ಕೊಂತು!”

“ಕಂಪ್ಯೂಟರ್ ಸುಳ್ಳು ಹೇಳಲ್ಲ” ಎಂದರು ಹಿಂದಿನ ಸಾಲಿನ ಒಬ್ಬರು ಮೇಷ್ಟ್ರು. ಅಲ್ಲಿಗೆ ವಿಚಾರಣೆ ಮುಗಿಯಿತು.

ಮುತ್ಯಾಲಮ್ಮ ಅಳಲಿಲ್ಲ, ಕೂಗಲಿಲ್ಲ. ಕದಿರೇಶನ ಹತ್ತಿರ ಬಂದು, ಗಲ್ಲ ಹಿಡಿದೆತ್ತಿ ಕಣ್ಣಿನೊಳಗೆ ನೋಡಿದಳು. “ಮೂವತ್ತೆಂಟು ವರ್ಷ ನೋಡಿದೀನಿ ಈ ಕಣ್ಣನ್ನ. ಸುಳ್ಳು ಹೇಳೋವಾಗ ಹಿಂಗೇ ಪಿಳಿಪಿಳಿ ಅಂತಿತ್ತು” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈಗ ದಾಸಯ್ಯ ಗಂಟಲು ಸರಿಮಾಡಿಕೊಂಡ. “ಗಂಡುಮಗ ಇದ್ದೂ ಅಳಿಯನ ಕೈಲಿ ಎಡೆ ಇಡಿಸಿದ್ರೆ ಸತ್ತೋರಿಗೆ ಮುಟ್ಟಲ್ಲ. ಮಗನೇ ಕೂರ್ಬೇಕು. ತಲೆ, ಮೀಸೆ ತೆಗೆಸ್ಬೇಕು.”

“ನಮ್ಮಪ್ಪ ಬದುಕವ್ನೆ ಸ್ವಾಮೀ!” ಕದಿರೇಶ ಕಿರುಚಿದ. “ಅಪ್ಪ ಇರೋವಾಗ ಮೀಸೆ ತೆಗೆಯಂಗಿಲ್ಲ! ಡಿಪೋ ಗೇಟಲ್ಲಿ ಕೂತವ್ನೆ, ಬೇಕಾದ್ರೆ ಫೋನ್ ಮಾಡಿ ಕೇಳಿ!”

“ಬದುಕಿರೋದು ಸಾಕಿದಪ್ಪ. ಎಡೆ ಮುಂದೆ ಇರೋದು ಹೆತ್ತಪ್ಪ” ಎಂದ ದಾಸಯ್ಯ, ಲೆಕ್ಕ ಸ್ಪಷ್ಟವಾಯಿತು ಎನ್ನುವವನಂತೆ ಜಾಗಟೆ ಬಾರಿಸಿದ.

ನಾಲ್ಕು ಜನ ಹಿಡಿದುಕೊಂಡರು. ಬೆಳಿಗ್ಗೆಯಿಂದ ಬೇವಿನ ಮರದ ಕೆಳಗೆ ಬೇಸರದಲ್ಲಿ ಕೂತಿದ್ದ ಕ್ಷೌರದವನಿಗೆ ಕೆಲಸ ಸಿಕ್ಕಿತು. ಕತ್ತಿ ನೆತ್ತಿಗೆ ತಾಗಿದಾಗ ಕದಿರೇಶ ಕಣ್ಣು ಮುಚ್ಚಿದ. ಹಾಗೆ ಮುಚ್ಚಿದಾಗ ಅವನು ಸತ್ತ ದಿನ ಕುರ್ಚಿಯಲ್ಲಿ ಕೂರಿಸಿದ್ದ ದೊಡ್ಡವೆಂಕಟಪ್ಪನ ಹಾಗೇ ಇದ್ದಾನೆ ಎಂದು ಯಾರೋ ಹೆಂಗಸು ಬಿಕ್ಕಿ ಬಿಕ್ಕಿ ಅತ್ತಳು.

ತಲೆಗೆ ನೀರು ಸುರಿದ ಮೇಲೆ ಮುನಿರಾಮಪ್ಪ ಅವನನ್ನು ಮೆಲ್ಲಗೆ ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ಇಡೀ ಊರಿನಲ್ಲಿ ಆ ಹೊತ್ತಿಗೆ ಸಮಾಧಾನವಾಗಿ ಮಾತಾಡಿದವನು ಅವನೊಬ್ಬನೇ.

“ನೋಡಪ್ಪಾ, ನೀನು ಅವರ ಮಗ ಅಲ್ಲ ಅಂತ ನಂಗೊತ್ತು.”

“ಅಣ್ಣಾ, ನೀವೊಬ್ರೇ ದೇವ್ರು!”

“ಅದನ್ನೇ ಬರ್ದು ಒಂದು ಸಹಿ ಹಾಕು. ನಾನು ಮಗ ಅಲ್ಲ, ಮುಂದೆ ಯಾವತ್ತೂ ಮಗ ಅನ್ನಲ್ಲ, ತೋಟ ಮನೆ ಏನೂ ಕೇಳಲ್ಲ ಅಂತ.” ತೋಟವನ್ನು ಹೆಂಡತಿಯ ಹೆಸರಿಗೆ ಮಾಡಿಸಲೆಂದು ಮೊದಲೇ ತರಿಸಿಟ್ಟಿದ್ದ ಬಾಂಡ್ ಪೇಪರ್ ಅವನ ಜೇಬಿನಲ್ಲಿತ್ತು. ಬರೆದುಕೊಡಲು ಅದೇ ಮೇಷ್ಟ್ರು ಹಿಂದೆಯೇ ನಿಂತಿದ್ದರು.

ಕದಿರೇಶ ಇಷ್ಟು ಸಂತೋಷದಿಂದ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಹೆಬ್ಬೆಟ್ಟೂ ಒತ್ತಿದ. ಆಮೇಲೆ ಮುಂದಕ್ಕೆ ಬಂದು, ಶಾಮಿಯಾನದ ಕೆಳಗೆ ಕೂತು, ದಾಸಯ್ಯ ಹೇಳಿದ ಹಾಗೆ ಮೂರು ಸಲ “ಅಪ್ಪಾ” ಎಂದು ಕರೆದು ಎಡೆ ಇಟ್ಟ. ಮನೆಯ ಹಿಂದೆ ಮಗನಲ್ಲ, ಮುಂದೆ ಮಗ.

ಆರೂವರೆ ಬಸ್ಸಿಗೆ ಹತ್ತಿ ಶ್ರೀನಿವಾಸಪುರಕ್ಕೆ ಬಂದಾಗ ಸ್ಟುಡಿಯೋಗೆ ಬೀಗ ಬಿದ್ದಿತ್ತು. ಮುಕುಂದ್ ಮೆಟ್ಟಿಲ ಮೇಲಿಂದ ಅವನ ಬೋಳುತಲೆ ನೋಡಿ, “ಏನ್ಲಾ ಇದು, ತಲೆ ಬಿಸಿ ಇಳ್ಸೋ ಹೀಟ್ ಸಿಂಕಾ?” ಎಂದ. ಕದಿರೇಶ ತಲೆಗೆ ಟವೆಲ್ ಸುತ್ತಿಕೊಂಡು ಮನೆ ಕಡೆ ನಡೆದ.

ಮನೆಯಲ್ಲಿ ಶಾಮಲಮ್ಮ ಒಲೆಯ ಮುಂದೆ ರಾಗಿಮುದ್ದೆ ತಿರುವುತ್ತಿದ್ದಳು. ಮಗ ಒಳಗೆ ಬಂದು ತಲೆಯ ಟವೆಲ್ ತೆಗೆದ ಕೂಡಲೇ ಕೋಲು ಪಾತ್ರೆಯಲ್ಲೇ ನಿಂತಿತು. “ಅಯ್ಯೋ! ಅಪ್ಪಂಗೇನಾಯ್ತೋ?”

“ಅಪ್ಪಂಗೇನೂ ಆಗಿಲ್ಲಮ್ಮಾ. ನಂಗೆ ಆಗಿರೋದು.” ಕದಿರೇಶ ಗೋಡೆಗೊರಗಿ ಕೂತು, ಜಂಪರಿನಿಂದ ಶುರುಮಾಡಿ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ನಗು ಬಂತು. “ಒಬ್ಬಳು ಮುದುಕಿ ಕಣಮ್ಮಾ. ಜೀಪಲ್ಲಿ ನನ್ನ ಗುರಾಯಿಸಿ ಗುರಾಯಿಸಿ ನೋಡಿ, ಊರಿಗೆ ಹೋದ ತಕ್ಷಣ, ಇವನು ನಮ್ಮಣ್ಣನ ಮಗ ಅಂತ ಇನ್ನೂರು ಜನದ ಮುಂದೆ ಡಂಗೂರ ಹೊಡೆದ್ಲು. ನಾನೇ ಅಂಟಿಸಿದ ಕಣ್ಣು ಅಂದ್ರೆ ಯಾರಾದ್ರೂ ಕೇಳ್ಬೇಕಲ್ಲ!”

ಶಾಮಲಮ್ಮ ನಗಲಿಲ್ಲ. ಮುದ್ದೆ ತಳ ಹಿಡಿದು ಹೊಗೆಯಾಡುತ್ತಿತ್ತು. ಅವಳು ಅದನ್ನೂ ನೋಡಲಿಲ್ಲ.

“ಹೇಳಿದ್ದು ಯಾರು?” ಎಂದಳು. “ಚಿಕ್ಕಗಂಗಮ್ಮನಾ?”

ಕದಿರೇಶ ಯಾರ ಹೆಸರನ್ನೂ ಹೇಳಿರಲಿಲ್ಲ.

ಅಮ್ಮನ ಮುಖವನ್ನೇ ನೋಡಿದ. ಅವಳು ಬಾಗಿಲ ಕಡೆ ನೋಡುತ್ತಿದ್ದಳು. ಹೊರಗೆ ಕದಿರಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಗಂಟಲು ಕೆರೆದು ಉಗಿದದ್ದು ಕೇಳಿಸಿತು. ಶಾಮಲಮ್ಮ ಬಗ್ಗಿ, ಮಗನ ಬೋಳುತಲೆಗೆ ಟವೆಲನ್ನು ಮತ್ತೆ ಎಳೆದು ಹೊದಿಸಿ, ಕಿವಿಯ ಹತ್ತಿರ ಬಾಯಿ ತಂದಳು.

“ಮುಂಡೇಮಗನೇ, ಸಹಿ ಹಾಕೋ ಮುಂಚೆ ನನ್ನೊಂದು ಮಾತು ಕೇಳ್ಬಾರ್ದಿತ್ತೇನೋ?”